ಆಲ್ಪ್ಸ್‌ಗೆ ಎಷ್ಟು ಜನ?

ಆಲ್ಪ್ಸ್ ಪರ್ವತ ನೋಡಲು ಹೊರಟಿದ್ದವರು ಮೂರೇ ಜನ: ವರ್ಷಿಣಿ, ಅವಳ ಗಂಡ ಸಂಜಯ್, ಏಳನೇ ಕ್ಲಾಸಿನ ಮಗಳು ಇಂಚರಾ. ಅದು ನವೆಂಬರ್ ತಿಂಗಳ ಮಾತು. ಸಂಕ್ರಾಂತಿ ಮುಗಿಯುವಷ್ಟರಲ್ಲಿ ಆ ಮೂವರು ಎಂಟು ಜನ ಆಗಿದ್ದರು. ಹೆಚ್ಚಾದ ಐವರಲ್ಲಿ ಒಬ್ಬರನ್ನೂ ವರ್ಷಿಣಿ ಕರೆದಿರಲಿಲ್ಲ. ಕರೆದದ್ದೆಲ್ಲ ಸಂಜಯನ ನಾಲಿಗೆ.

ಸಂಜಯ್ ಕೆಟ್ಟವನೇನಲ್ಲ. ಕೆಟ್ಟವನಾಗಿದ್ದರೆ ನೆಟ್ಟಗೆ ಜಗಳವಾದರೂ ಆಡಬಹುದಿತ್ತು. ಬೋಗಾದಿಯಲ್ಲಿ ಅವನದೊಂದು ಟೈಲ್ಸ್ ಅಂಗಡಿ. ಸುತ್ತ ಹೊಸ ಬಡಾವಣೆಗಳು ಏಳುತ್ತಲೇ ಇದ್ದುದರಿಂದ ವ್ಯಾಪಾರ ಚೆನ್ನಾಗಿತ್ತು. ಅಂಗಡಿಯಲ್ಲಿ ಇಲ್ಲದ ಡಿಸೈನನ್ನು ಯಾರಾದರೂ ಕೇಳಿದರೆ 'ಇಲ್ಲ' ಅನ್ನುತ್ತಿರಲಿಲ್ಲ, 'ನಾಳೆ ಬನ್ನಿ ಸಾರ್' ಅನ್ನುತ್ತಿದ್ದ. ಆ ಬುದ್ಧಿಯನ್ನು ಸಂಜೆ ಶಟರ್ ಎಳೆದ ಮೇಲೂ ಜೊತೆಗೇ ಮನೆಗೆ ತರುತ್ತಿದ್ದ. ಗೇಟಿನ ಹತ್ತಿರ ನಿಂತವರನ್ನು ಕಾಫಿಗೆ ಕರೆಯುವುದು, ಕಾಫಿಗೆ ಬಂದವರನ್ನು ಊಟಕ್ಕೆ ಕೂರಿಸುವುದು, ಉಂಡವರಿಗೆ 'ಕತ್ತಲಾಯ್ತು, ಇಲ್ಲೇ ಇದ್ದು ಹೋಗಿ' ಅನ್ನುವುದು. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವ ಗಾದೆ ಕಟ್ಟಿದವರ ಮನೆಯಲ್ಲೇ ಇಂಥವನೊಬ್ಬ ಇದ್ದಿರಬೇಕು.

ನಮ್ಮ ಕಡೆ ಎಲ್ಲಿಗಾದರೂ ಹೊರಡುವವರು ಎದುರಿಗೆ ಕೂತವರಿಗೆ 'ನೀವೂ ಬನ್ನಿ' ಅನ್ನುವುದು ಪದ್ಧತಿ. ಕೇಳಿಸಿಕೊಂಡವರು 'ಅಯ್ಯೋ, ಇನ್ನೊಂದ್ಸಲ ಬರ್ತೀವಿ, ನೀವು ಹೋಗ್ಬನ್ನಿ' ಅನ್ನುವುದೂ ಪದ್ಧತಿ. ಎರಡೂ ಕಡೆ ಮರ್ಯಾದೆ ಉಳಿಯುತ್ತದೆ, ಯಾರಿಗೂ ತೊಂದರೆಯಿಲ್ಲ. ಆದರೆ ಸಂಜಯ್ ಒಂದು ಸಲ ಕರೆದು ಸುಮ್ಮನಾಗುವ ಗಿರಾಕಿಯಲ್ಲ. ಕೈ ಹಿಡಿದುಕೊಂಡು, ತಾಯಾಣೆ ಹಾಕಿ ಕರೆಯುತ್ತಿದ್ದ. ಆಗ ಎಂಥವರ ಬಾಯಿಂದಲೂ 'ಹೂಂ' ಹೊರಟುಬಿಡುತ್ತಿತ್ತು.

ಮೊದಲು ಹೂಂ ಅಂದದ್ದು ಅವನ ತಾಯಿ ಶಿವನಂಜಮ್ಮ. ಅತ್ತೆ ಬರುವುದಕ್ಕೆ ವರ್ಷಿಣಿಯ ತಕರಾರಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ತಕರಾರಿತ್ತು. ಬಾಯಿಬಿಟ್ಟು ಹೇಳುವಷ್ಟು ಇರಲಿಲ್ಲ, ಅಷ್ಟೆ. ಆಮೇಲೆ ಡಿಸೆಂಬರಿನಲ್ಲಿ ಇಲವಾಲದಿಂದ ಸಂಜಯನ ದೊಡ್ಡಪ್ಪ ಕೃಷ್ಣಪ್ಪ, ದೊಡ್ಡಮ್ಮ ದೇವಿರಮ್ಮ ಒಂದು ಚೀಲ ಸೊಗಡವರೆ ಹೊತ್ತುಕೊಂಡು ಬಂದರು. ಅವರೆಕಾಯಿ ಸುಲಿಯುತ್ತ ಕೂತಲ್ಲೇ ಆಲ್ಪ್ಸ್‌ನ ಮಾತು ಬಂತು. ಚೀಲ ಖಾಲಿಯಾಗುವ ಹೊತ್ತಿಗೆ ಇಬ್ಬರೂ ಹೊರಟಾಗಿತ್ತು. ವರ್ಷಿಣಿ ಫಿಸಿಯೋಥೆರಪಿಸ್ಟ್. ದೊಡ್ಡಪ್ಪನ ಮಂಡಿಗಳನ್ನು ಮೂರು ವರ್ಷದಿಂದ ಬಗ್ಗಿಸಿ ನೆಟ್ಟಗೆ ಮಾಡುತ್ತಿದ್ದವಳು ಅವಳೇ. ಮನೆಯ ನಾಲ್ಕು ಮೆಟ್ಟಿಲು ಹತ್ತುವಾಗಲೇ ದೇವರನ್ನೆಲ್ಲ ಕರೆಯುವ ಆ ಮಂಡಿಗಳು ಹಿಮದ ಮೇಲೆ ನಡೆಯುವುದನ್ನು ನೆನೆದರೆ ಅವಳಿಗೆ ಎದೆ ಝಲ್ಲೆನ್ನುತ್ತಿತ್ತು.

ಕೊನೆಗೆ ಸಂಜಯನ ಗೆಳೆಯ ಚಂದ್ರು, ಅವನ ಹೆಂಡತಿ ಸುಷ್ಮಿತಾ. ಸಂಕ್ರಾಂತಿಯ ಎಳ್ಳುಬೆಲ್ಲ ಕೊಡಲು ಬಂದವರು ಆಲ್ಪ್ಸ್ ಇಸಿದುಕೊಂಡು ಹೋದರು.

"ಯಾಕ್ರೀ ಕರೆದ್ರಿ?" ಅಂತ ವರ್ಷಿಣಿ ಪ್ರತಿ ಸಲವೂ ಕೇಳಿದಳು.

"ಎದುರಿಗೆ ಕೂತಿದ್ರಲ್ಲ ಕಣೇ. ಬನ್ನಿ ಅನ್ನದೆ ಇರೋಕಾಗುತ್ತಾ?" ಅಂತ ಅವನು ಪ್ರತಿ ಸಲವೂ ಅಂದ.

ಅವಳಿಗೆ ಬೇಕಾಗಿದ್ದದ್ದು ಹಿಮವೇ ಅಲ್ಲ. ಹಿಮದ ಫೋಟೋಗಳನ್ನು ನೋಡಿದ್ದು ನಿಜ. ಏಪ್ರಿಲ್ ಮೊದಲ ವಾರ ಮೇಲೆ ಇನ್ನೂ ಹಿಮ ಇರುತ್ತದೆ, ಕೆಳಗೆ ಕಣಿವೆಯಲ್ಲಿ ಹುಲ್ಲು ಚಿಗುರಿರುತ್ತದೆ, ಮಗಳ ಪರೀಕ್ಷೆಯೂ ಮುಗಿದಿರುತ್ತದೆ ಅಂತ ಲೆಕ್ಕ ಹಾಕಿ ದಿನ ಗೊತ್ತುಮಾಡಿದ್ದೂ ನಿಜ. ಆದರೆ ಅವಳಿಗೆ ಬೇಕಾಗಿದ್ದದ್ದು ಗಂಡ. ಮದುವೆಯಾಗಿ ಹದಿನಾರು ವರ್ಷ. ಹೊಸದರಲ್ಲಿ ಊಟಿಗೆ ಹೋದಾಗಲೂ ಕಾರಿನ ಹಿಂದಿನ ಸೀಟಿನಲ್ಲಿ ಯಾರೋ ಇಬ್ಬರು ನೆಂಟರಿದ್ದರು. ಅಂದಿನಿಂದ ಇಂದಿನವರೆಗೆ ಸಂಜಯ್ ಅವಳೊಬ್ಬಳ ಜೊತೆ ಕೂತು ಹತ್ತು ನಿಮಿಷ ಮನಸ್ಸು ಬಿಚ್ಚಿ ಮಾತಾಡಿದ್ದು ಅವಳಿಗೆ ನೆನಪಿಲ್ಲ. ಏನು ಕೇಳಿದರೂ 'ಆಯ್ತು', 'ನೋಡೋಣ', 'ನೀನು ಹೇಳಿದ ಹಾಗೇ ಆಗ್ಲಿ'. ಯಾರೂ ಬಂದು ಬಾಗಿಲು ತಟ್ಟಲಾಗದಷ್ಟು ದೂರ ಹೋದರೆ ಅವನು ಅವಳ ಕಡೆ ತಿರುಗಲೇಬೇಕಲ್ಲ? ಅದಕ್ಕೇ ಆಲ್ಪ್ಸ್.

ಈಗ ಆ ದೂರಕ್ಕೆ ಇಡೀ ಜಗಲಿಯೇ ಹೊರಟು ನಿಂತಿತ್ತು.

ಎಂಟು ಜನರ ಕೆಲಸವೂ ಅವಳ ತಲೆಗೇ ಬಂತು. ದೊಡ್ಡಪ್ಪ ದೊಡ್ಡಮ್ಮನಿಗೆ ತತ್ಕಾಲ್‌ನಲ್ಲಿ ಪಾಸ್‌ಪೋರ್ಟ್. ಪೊಲೀಸ್ ವಿಚಾರಣೆಗೆ ಬಂದಾಗ ಕೃಷ್ಣಪ್ಪ ಕುರ್ಚಿ ಹಾಕಿ, ಎಳನೀರು ಕೊಟ್ಟು, ಪೇದೆಗೂ 'ನೀವೂ ಬನ್ನಿ ಸ್ವಾಮಿ' ಅಂದರಂತೆ. ವಂಶದ ಗುಣ ಎಲ್ಲಿ ಹೋದೀತು! ಅತ್ತೆಯ ವೀಸಾ ಫೋಟೋ ನಾಲ್ಕು ಸಲ ತೆಗೆಸಬೇಕಾಯಿತು, ಮೊದಲ ಮೂರರಲ್ಲೂ ಅವರು ಕಣ್ಣು ಮುಚ್ಚಿದ್ದರು. ಕ್ಲಿನಿಕ್ಕಿನಲ್ಲಿ ಒಬ್ಬ ರೋಗಿಗೂ ಇನ್ನೊಬ್ಬ ರೋಗಿಗೂ ನಡುವೆ ವರ್ಷಿಣಿ ಫಾರಂ ತುಂಬಿದಳು, ವಿಮೆ ಮಾಡಿಸಿದಳು, ಸುಷ್ಮಿತಾಳ 'ಅಕ್ಕ, ಅಲ್ಲಿ ಅನ್ನ ಸಿಗುತ್ತಾ?' ಅನ್ನುವ ಪ್ರಶ್ನೆಗೆ ನಾಲ್ಕು ಸಲ ಉತ್ತರ ಕೊಟ್ಟಳು. ಒಳಗೊಳಗೇ ಕುದಿಯುತ್ತ, ಹೊರಗೆ ನಗುತ್ತ ಮಾಡಿದಳು. ಸೊಸೆಯಾದವಳು ಇನ್ನು ಹೇಗೆ ಮಾಡುತ್ತಾಳೆ?

ಕೊನೆಗೆ ಅಲ್ಲಿ ಉಳಿಯುವ ಮನೆಯ ವಿಷಯದಲ್ಲಿ ಎಲ್ಲ ಕಗ್ಗಂಟಾಯಿತು. ಮೂವರಿಗೆಂದು ಅವಳು ಹಿಡಿದಿಟ್ಟಿದ್ದು ಕಣಿವೆಯ ಹಳ್ಳಿಯೊಂದರ ಪುಟ್ಟ ಮರದ ಮನೆ. ಅದರ ಒಡತಿಗೇ ಪಕ್ಕದಲ್ಲಿ ಇನ್ನೊಂದು ದೊಡ್ಡ ಮನೆಯಿತ್ತು. ಅದಕ್ಕೆ ಬದಲಾಯಿಸಿಕೊಡಿ, ನಾವು ಎಂಟು ಜನ ಅಂತ ವರ್ಷಿಣಿ ಬರೆದಳು. ಈಸ್ಟರ್ ವಾರವಾದ್ದರಿಂದ ಆ ಕಡೆ ಬೇರೆಲ್ಲೂ ಜಾಗವಿರಲಿಲ್ಲ. ಒಡತಿಯ ಉತ್ತರ ಒಂದೇ ಸಾಲು: 'ದೊಡ್ಡ ಮನೆಯಲ್ಲಿ ಏಳು ಜನ. ಎಂಟು ಆಗುವುದಿಲ್ಲ.' ವರ್ಷಿಣಿ ಅದನ್ನು ಎರಡು ಸಲ ಓದಿದಳು. ಎಷ್ಟು ಸಲೀಸಾಗಿ ಆಗುವುದಿಲ್ಲ ಅಂದುಬಿಟ್ಟಳು ಪುಣ್ಯಾತ್ಗಿತ್ತಿ, ಈ ಹೆಂಗಸಿನ ಕಾಲು ತೊಳೆದು ನೀರು ಕುಡಿಯಬೇಕು ಅನ್ನಿಸಿತು.

ಬೆಂಗಳೂರಿನಲ್ಲಿ ವೀಸಾಕ್ಕೆ ಬೆರಳಚ್ಚು ಕೊಡುವ ದಿನ ಗುರುವಾರಕ್ಕೆ ಗೊತ್ತಾಗಿತ್ತು. ಅದಕ್ಕೆ ಮೊದಲು ಹೆಸರುಗಳು ಪಕ್ಕಾ ಆಗಬೇಕು. ಶಿವರಾತ್ರಿಗೆ ಒಂದು ವಾರ ಮುಂಚಿನ ಭಾನುವಾರ ಎಲ್ಲರನ್ನೂ ಊಟಕ್ಕೆ ಕರೆದಳು. ಮುದ್ದೆ, ನಾಟಿಕೋಳಿ ಸಾರು ಬಡಿಸಿ, ಎಲ್ಲರೂ ಕೈ ತೊಳೆದು ಹಾಲಿನಲ್ಲಿ ಕೂತ ಮೇಲೆ ವಿಷಯ ಹೇಳಿದಳು. "ಏಳು ಜನಕ್ಕೆ ಮಾತ್ರ ಜಾಗ. ಒಬ್ಬರು ಹೆಚ್ಚಾಗ್ತೀವಿ."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಶುರುವಾಯಿತು.

"ನಾನಿರ್ತೀನಿ ಬುಡ್ರಪ್ಪ," ಅಂದರು ಶಿವನಂಜಮ್ಮ.

"ಛೇ, ಅಮ್ಮ, ನೀನಿಲ್ದೆ ಎಂಥಾ ಟ್ರಿಪ್ಪು?" ಅಂದ ಸಂಜಯ್.

"ನಾನು ಉಳ್ಕತೀನಿ ಕಣ್ಲಾ," ಅಂದರು ಕೃಷ್ಣಪ್ಪ.

"ಅವ್ರಿಲ್ದೆ ನಾ ಒಬ್ಳೇ ಎಂಗೆ ಓಗ್ಲಿ, ನಾನೂ ಉಳ್ಕತೀನಿ," ಅಂದರು ದೇವಿರಮ್ಮ.

"ಛೇ ಛೇ, ದೊಡ್ಡಮ್ಮ, ಉಂಟಾ!" ಅಂದ ಸಂಜಯ್.

ಚಂದ್ರು ತಾನಿರುತ್ತೇನೆ ಅಂದ. ಅವನಿಗೂ ಒಂದು ಛೇ ಸಿಕ್ಕಿತು. ಸುಷ್ಮಿತಾಳಿಗೂ ಸಿಕ್ಕಿತು. ಒಂದು ಸುತ್ತು ಮುಗಿದು ಮಾತು ಮತ್ತೆ ಶಿವನಂಜಮ್ಮನ ಹತ್ತಿರ ಬಂತು. ಹೀಗೇ ಬಿಟ್ಟರೆ ಗುರುವಾರದವರೆಗೂ ಇದೇ ನಡೆಯುತ್ತದೆ ಅಂತ ವರ್ಷಿಣಿಗೆ ಗೊತ್ತಾಯಿತು. ಅವಳಿಗೆ ಸುಸ್ತಾಗಿತ್ತು. ಆ ಸುಸ್ತಿನಲ್ಲಿ, ಸಿಟ್ಟಿನಲ್ಲಿ, ತನಗೂ ಒಂದು ಛೇ ಸಿಗಲಿ ಅನ್ನುವ ಆಸೆಯಲ್ಲಿ ಅಂದುಬಿಟ್ಟಳು: "ಸರಿ, ನೀವೆಲ್ಲ ಹೋಗ್ಬನ್ನಿ. ನಾನಿರ್ತೀನಿ."

ಅಂದು ಗಂಡನ ಮುಖ ನೋಡಿದಳು. ಸಂಜಯ್ ಬಾಯಿ ತೆರೆದ. ಅವನಿಗಿಂತ ಮೊದಲು ಶಿವನಂಜಮ್ಮ ಮಾತಾಡಿದರು.

"ಹೂಂ ಕಣಮ್ಮ, ನೀನಿದ್ರೆ ಮನೆ ಕಡೆ ಯೋಚ್ನೆ ಇರಲ್ಲ."

"ಹೌದಕ್ಕ, ನಿಮಗೆ ಕ್ಲಿನಿಕ್ ಬೇರೆ," ಅಂದಳು ಸುಷ್ಮಿತಾ.

ಸಂಜಯ್ ತೆರೆದ ಬಾಯಿ ಮುಚ್ಚಿದ. ಬಂದವರಿಗೆಲ್ಲ ಹಂಚಿ ಹಂಚಿ ಅವನ ಛೇ ಮುಗಿದುಹೋಗಿತ್ತು. ಅವನು ಕೈಯಲ್ಲಿದ್ದ ನೀರಿನ ಲೋಟ ನೋಡುತ್ತ ಕೂತ. ಮೂರು ತಿಂಗಳಿಗೂ ಹೆಚ್ಚು ಒದ್ದಾಡಿದವಳು ಅವಳು, ಹೋಗುವವರು ಅವರು! ವರ್ಷಿಣಿಗೆ ಮೈಯೆಲ್ಲ ಉರಿದುಹೋಯಿತು.

"ಇಲ್ಲ," ಅಂದಳು. ದನಿ ಅವಳು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. "ನಾನು ದಾಕ್ಷಿಣ್ಯಕ್ಕೆ ಹೇಳ್ದೆ. ನಂಗೆ ಹೋಗ್ಬೇಕು. ಎಲ್ಲರಿಗಿಂತ ಜಾಸ್ತಿ ನಂಗೇ ಹೋಗ್ಬೇಕು."

ಆ ಮನೆಯಲ್ಲಿ ಯಾರೂ ಹಾಗೆ ಮಾತಾಡಿದವರಿಲ್ಲ. ಒಳಗೆ ಓದುತ್ತಿದ್ದ ಇಂಚರಾ ಎದ್ದು ಬಂದು ಬಾಗಿಲಲ್ಲಿ ನಿಂತಳು. ಶಿವನಂಜಮ್ಮ ಸೆರಗು ಸರಿಮಾಡಿಕೊಂಡರು. ಇನ್ನೇನು ಆಕಾಶ ಕಳಚಿ ಬೀಳುತ್ತದೆ ಅನ್ನುವಾಗ ದೇವಿರಮ್ಮ ದೊಡ್ಡದಾಗಿ ಉಸಿರುಬಿಟ್ಟರು.

"ಅಂಗಂದ್ರೆ ನಾನೂ ಒಂದ್ ಮಾತ್ ಹೇಳ್ಬುಡ್ತೀನಿ ಕಣವ್ವ. ನಂಗೆ ಒಂಚೂರೂ ಇಷ್ಟ ಇಲ್ಲ. ಇವನು ಅಷ್ಟು ಪಿರೀತಿಯಿಂದ ಕೈ ಹಿಡ್ಕಂಡು ಕರೆದ್ನಲ್ಲ, ಒಲ್ಲೆ ಅಂದ್ರೆ ಎಲ್ಲಿ ಮಗ ನೊಂದ್ಕತಾನೋ ಅಂತ ಹೂಂ ಅಂದ್ಬುಟ್ಟೆ. ಆವತ್ತಿಂದ ನಿದ್ದೆ ಇಲ್ಲ."

ಕೃಷ್ಣಪ್ಪ ಹೆಂಡತಿಯ ಕಡೆ ತಿರುಗಿದರು. "ನಿಂಗೂ ಇಷ್ಟ ಇಲ್ವಾ? ನೀನು ಆಸೆಪಟ್ಟೀಯ ಅಂತ ಅಲ್ವಾ ನಾನು ಈ ಮಂಡಿ ಇಟ್ಕಂಡು ಒಪ್ಕಂಡಿದ್ದು!"

ಕಟ್ಟೆ ಒಡೆಯಿತು. ಏಪ್ರಿಲ್ ಆರಕ್ಕೆ ತಂಗಿಯ ಗೃಹಪ್ರವೇಶವಿದೆ, ಹೇಗೆ ಹೇಳುವುದು ಅಂತ ಒಂದು ತಿಂಗಳಿಂದ ಒದ್ದಾಡುತ್ತಿದ್ದೇನೆ ಅಂದಳು ಸುಷ್ಮಿತಾ. ಅವಳು ಒದ್ದಾಡುವುದನ್ನು ನೋಡಿ ನಾನೂ ಒದ್ದಾಡುತ್ತಿದ್ದೆ ಅಂದ ಚಂದ್ರು. ಅಲ್ಲಿ ಕಕ್ಕಸಿನಲ್ಲಿ ನೀರಿರುವುದಿಲ್ಲವಂತೆ, ಬರೀ ಕಾಗದವಂತೆ, ನೆನೆಸಿಕೊಂಡರೆ ಊಟ ಸೇರುವುದಿಲ್ಲ ಅಂದರು ಶಿವನಂಜಮ್ಮ. ದಾಕ್ಷಿಣ್ಯಕ್ಕೆ ಬಸುರಾದರೆ ಹೆರೋಕೆ ಜಾಗ ಇಲ್ಲ ಅಂತ ದೊಡ್ಡವರು ಸುಮ್ಮನೆ ಹೇಳಿದ್ದಾರೆಯೆ? ಎಲ್ಲರೂ ನಕ್ಕರು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಇನ್ನೊಂದು ಸುತ್ತು ಕಾಫಿ ಆಯಿತು. ಹೊರಡುವಾಗ ದೇವಿರಮ್ಮ ವರ್ಷಿಣಿಯ ಕೆನ್ನೆ ಸವರಿ, "ನೀನು ಬಾಯ್ಬುಟ್ಟಿದ್ದು ಒಳ್ಳೇದಾಯ್ತು ಕಣ್ ಮಗ, ಮೂರು ಜನ ಸುಖವಾಗಿ ಓಗ್ಬನ್ನಿ," ಅಂದರು.

ಸಂಜಯ್ ಅವರನ್ನೆಲ್ಲ ಗೇಟಿನವರೆಗೆ ಕಳಿಸಿ ಬಂದ. ಶಿವನಂಜಮ್ಮ ಇಂಚರಾಳನ್ನು ಕರೆದುಕೊಂಡು ದೇವಸ್ಥಾನಕ್ಕೆ ಹೋದರು. ಇನ್ನೂ ಬೆಳಕಿತ್ತು. ವರ್ಷಿಣಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು, ಆ ಪುಟ್ಟ ಮನೆ ಇನ್ನೂ ತನ್ನ ಹೆಸರಿನಲ್ಲೇ ಇರುವುದನ್ನು ನೋಡಿ ಹಾಡೊಂದನ್ನು ಗುನುಗಿದಳು. ಎಷ್ಟೋ ತಿಂಗಳಾದ ಮೇಲೆ ಅವಳಿಗೆ ಖುಷಿಯಾಗಿತ್ತು.

"ಎಲ್ಲರದ್ದೂ ಆಚೆ ಬಂತಲ್ಲ," ಅಂದಳು ಗಂಡನಿಗೆ, ತಮಾಷೆಗೆ. "ನಿಮ್ಮದೇನ್ರೀ? ನೀವೂ ದಾಕ್ಷಿಣ್ಯಕ್ಕೇನಾ?"

ಸಂಜಯ್ ನಗಲಿಲ್ಲ. ಎದುರಿನ ಕುರ್ಚಿ ಎಳೆದುಕೊಂಡು ಕೂತ. 'ಛೇ' ಅನ್ನುತ್ತಾನೆ ಅಂತ ಅವಳು ಕಾದಳು.

"ನವೆಂಬರಲ್ಲಿ ನೀನು ಅಷ್ಟು ಆಸೆಯಿಂದ ಕೇಳ್ದೆ," ಅಂದ. "ಇಲ್ಲ ಅನ್ನೋಕೆ ಆಗ್ಲಿಲ್ಲ ಕಣೇ."

"ನಾನೂ ನಿಮಗೆ ದಾಕ್ಷಿಣ್ಯದವಳಾ?"

ಅವನು ಮೇಜಿನ ಮೇಲಿನ ಕಾಫಿಯ ಕಲೆಯನ್ನು ಬೆರಳಿನಿಂದ ಉಜ್ಜುತ್ತ ಮಾತಾಡಿದ. "ಹತ್ತು ದಿನ. ಅಂಗಡಿ ಇಲ್ಲ, ಬರೋರು ಹೋಗೋರು ಇಲ್ಲ. ಮಗು ಪಾಡಿಗೆ ಮಗು ಇರುತ್ತೆ. ನಾವಿಬ್ರು ಎದುರು ಬದುರು ಕೂತು ಏನು ಮಾತಾಡೋದು ವರ್ಷಿ? ನಂಗೆ ಭಯ ಆಯ್ತು. ಅದಕ್ಕೇ ಸಿಕ್ಕಿದೋರನ್ನೆಲ್ಲ ಕರೆದೆ."

ಅವನು ವ್ಯಂಗ್ಯವಾಗಿ ಹೇಳಿದ್ದಲ್ಲ, ಜಗಳಕ್ಕೆ ಹೇಳಿದ್ದೂ ಅಲ್ಲ. ನಿಜವಾಗಿಯೂ ಏನು ಮಾತಾಡುವುದೋ ಅವನಿಗೆ ಗೊತ್ತಿರಲಿಲ್ಲ. ಹದಿನಾರು ವರ್ಷ ಅವಳು ಬೈದುಕೊಂಡು ಬಂದದ್ದು ಅವನ ನಾಲಿಗೆಯನ್ನು. ನಾಲಿಗೆಯ ತಪ್ಪೇ ಅಲ್ಲ ಅದು. ಊಟಿಯ ಕಾರಿನ ಹಿಂದಿನ ಸೀಟೂ ಈ ಭಯದಿಂದಲೇ ತುಂಬಿತ್ತೇನೋ ಅಂತ ಅವಳಿಗೆ ಅನ್ನಿಸಿತು.

ಲ್ಯಾಪ್‌ಟಾಪಿನಲ್ಲಿ ಆ ಮನೆಯೊಡತಿಯ ಪುಟ ತೆರೆದೇ ಇತ್ತು. ಎಷ್ಟು ಜನ ಅನ್ನುವ ಜಾಗ ಖಾಲಿಯಿತ್ತು.

"ಎಷ್ಟು ಜನ ಅಂತ ಹಾಕ್ಲಿ?" ಕೇಳಿದಳು.

"ನೀನು ಹೇಳಿದ ಹಾಗೇ..."

"ಬೇಡ. ನೀವು ಹೇಳಿ. ನಂಗೋಸ್ಕರ ಅಲ್ಲ. ನಿಮಗೆ ಏನು ಬೇಕೋ ಅದನ್ನ ಒಂದ್ಸಲ ಹೇಳಿ."

ಅವನು ಕಲೆ ಉಜ್ಜುವುದನ್ನು ನಿಲ್ಲಿಸಿದ. ಆಮೇಲೆ ತಲೆಯೆತ್ತಿ ಅವಳನ್ನೇ ನೋಡಿದ.

"ಇಬ್ಬರು," ಅಂದ. "ನೀನು, ಇಂಚರಾ."

ಅವನು ದಾಕ್ಷಿಣ್ಯವಿಲ್ಲದೆ ಅವಳಿಗೆ ಆಡಿದ ಮೊದಲ ಮಾತು ಅದು. ಅಂಥ ಒಂದು ಮಾತು ಕೇಳುವುದಕ್ಕೇ ಅವಳು ಅಷ್ಟು ದೂರ ಹೊರಟಿದ್ದಳು. ಅದು ಇಲ್ಲೇ, ಬೋಗಾದಿಯಲ್ಲಿ, ಎಂಜಲು ಲೋಟಗಳ ನಡುವೆ ಸಿಕ್ಕಿಬಿಟ್ಟಿತ್ತು. ಸಿಟ್ಟು ಬರಲಿಲ್ಲ, ಅಳು ಬಂತು. ವರ್ಷಿಣಿ ಅಳುತ್ತಲೇ ಎರಡು ಅಂತ ಒತ್ತಿದಳು.