ಮಸ್ಕತ್ತಿನ ಎರಡು ಗಂಟೆ, ಬೆಟಗೇರಿಯ ಮೂರೂವರೆ

ಮಹಾನವಮಿಯ ಬುಧವಾರ ಸಂಜೆ ಆರು ಗಂಟೆ ಹತ್ತು ನಿಮಿಷಕ್ಕೆ, ಗದಗ-ಬೆಟಗೇರಿ ಅವಳಿ ನಗರದ ಬೆಟಗೇರಿ ಭಾಗದಲ್ಲಿ, ನೇಕಾರರ ಓಣಿಯ ಒಂದು ಮನೆಯ ಪಡಸಾಲೆಯಲ್ಲಿ, ಭಾರತ ಮತ್ತು ಒಮಾನ್ ಎಂಬ ಎರಡು ದೇಶಗಳಿಗೆ ಸಂಬಂಧಪಟ್ಟ ಗಂಭೀರ ಪ್ರಸಂಗವೊಂದು ಉದ್ಭವಿಸಿತು ಎಂಬುದನ್ನು ಮೊದಲಿಗೇ ದಾಖಲಿಸಬೇಕು. ತೋಟಪ್ಪನವರ ಮಗ ಮನೋಹರ ತನ್ನ ಪಾಕೀಟು ಬಿಚ್ಚಿ ನೋಡಿದ. ಅದರಲ್ಲಿ ನಾಲ್ಕು ಬೆರಳಗಲದ ಒಂದು ಪ್ಲಾಸ್ಟಿಕ್ ಕಾರ್ಡು ಇರಲಿಲ್ಲ. ಎರಡೂ ಸರಕಾರಗಳಿಗೆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಮುಟ್ಟಿದ್ದರೂ ಅವು ಮನೋಹರನಷ್ಟು ಬೆವರುತ್ತಿರಲಿಲ್ಲ.

ಕಾರ್ಡು ಅವನ ಮಸ್ಕತ್ತಿನ ಡ್ರೈವಿಂಗ್ ಲೈಸೆನ್ಸು. ಒಂಬತ್ತು ವರ್ಷಗಳಿಂದ ಆತ ಅಲ್ಲಿ ಒಂದು ಸಾರಿಗೆ ಕಂಪನಿಯ ಶಾಲಾ ಬಸ್ಸು ಓಡಿಸುತ್ತಿದ್ದ. ಮನೆತನದಲ್ಲಿ ಮಗ್ಗ ಬಿಟ್ಟು ಸ್ಟೇರಿಂಗ್ ಹಿಡಿದವನು ಅವನೊಬ್ಬನೇ. ಬೆಳಗಿನ ಜಾವ ಗುಡ್ಡ ಸುತ್ತಿಕೊಂಡು ಹೋಗುವ ರಸ್ತೆಯಲ್ಲಿ ನಲವತ್ತೆರಡು ಮಕ್ಕಳನ್ನು ಶಾಲೆ ಮುಟ್ಟಿಸುವುದು ಅವನ ಪಾಳಿ. ಈಗ ಒಂದು ತಿಂಗಳ ರಜೆ. ಅವನ ಬಸ್ಸನ್ನು ರಮೀಜ ಎಂಬ ಇನ್ನೊಬ್ಬ ಚಾಲಕ ಓಡಿಸುತ್ತಿದ್ದ. ರಮೀಜ ಒಳ್ಳೆಯವನು, ಆದರೆ ಅದೇ ಪಾಳಿಗೆ ಎರಡು ವರ್ಷದಿಂದ ಅರ್ಜಿ ಹಾಕಿ ಕೂತವನು.

ಪಾಕೀಟು ಬಿಚ್ಚಲು ಕಾರಣ ಆಗಷ್ಟೇ ಬಂದಿದ್ದ ಮೆಸೇಜು. ಕಂಪನಿಯಲ್ಲಿ ಚಾಲಕರ ಕಾಗದಪತ್ರ ನೋಡಿಕೊಳ್ಳುವ ಅಮೀರಾ ಕಳಿಸಿದ್ದಳು. ನಿನ್ನ ಲೈಸೆನ್ಸಿನ ಅವಧಿ ಶನಿವಾರ ಮುಗಿಯುತ್ತದೆ. ಶುಕ್ರವಾರ, ಶನಿವಾರ ಇಲ್ಲಿ ರಜೆ. ಆದ್ದರಿಂದ ಗುರುವಾರ ಮಧ್ಯಾಹ್ನ ಎರಡರೊಳಗೆ ಕಾರ್ಡಿನ ಎರಡೂ ಮಗ್ಗುಲಿನ ಫೋಟೊ, ಮತ್ತು ಕಾರ್ಡನ್ನು ಮುಖದ ಪಕ್ಕಕ್ಕೆ ಹಿಡಿದುಕೊಂಡ ಈಗಿನ ಫೋಟೊ ಕಳಿಸತಕ್ಕದ್ದು. ತಪ್ಪಿದರೆ ಚಾಲಕರ ಪಟ್ಟಿಯಿಂದ ಹೆಸರು ಹೋಗುತ್ತದೆ. ಹೆಸರು ಹೋದವರು ಗ್ಯಾರೇಜಿನಲ್ಲಿ ಬಸ್ಸು ತೊಳೆಯುತ್ತಾರೆ ಎಂಬುದನ್ನು ಆಕೆ ಬರೆದಿರಲಿಲ್ಲ. ಮನೋಹರ ತೊಳೆಯುವವರನ್ನು ಕಂಡಿದ್ದ. ಅಲ್ಲಿಯ ಎರಡು ಗಂಟೆ ಎಂದರೆ ಇಲ್ಲಿಯ ಮೂರೂವರೆ.

ಪ್ಯಾಂಟಿನ ಕಿಸೆ, ಚೀಲದ ತಳ, ಹಾಸಿಗೆಯ ಮಡಿಕೆ ಎಲ್ಲ ಜಾಲಾಡಿದ. ಅಡುಗೆಮನೆಯಿಂದ ತಾಯಿ ಯಮನವ್ವ ಇಣುಕಿದಳು.

“ಏನ ಹುಡಕಾಕತ್ತೀಯೋ ಮನೂ?”

“ಏನಿಲ್ಲವಾ. ಚಿಲ್ಲರ.”

ಹಬ್ಬದ ದಿನ ಕಳೆದುಹೋದ ಸುದ್ದಿ ಹೇಳಿದರೆ ತಾಯಿ ಹೋಳಿಗೆ ಬಿಟ್ಟು ಅಳುತ್ತ ಕೂರುತ್ತಾಳೆಂದು ಅವನು ಸುಳ್ಳು ಹೇಳಿದ. ಒಂದೇ ಉಸಿರಿನಲ್ಲಿ ಉತ್ತರ ಕೊಡಬಹುದಾಗಿದ್ದವಳು ಲಟ್ಟಣಿಗೆಯ ಕಡೆ ತಿರುಗಿದಳು. ಮನುಷ್ಯರು ಒಬ್ಬರನ್ನೊಬ್ಬರು ನೋಯಿಸಬಾರದೆಂದು ಪಡುವ ಕಷ್ಟದಲ್ಲಿ ಕಳೆದುಹೋಗುವ ಹೊತ್ತಿಗೆ ಲೆಕ್ಕವಿಲ್ಲ.

ಆ ದಿನ ಅವನು ಲಕ್ಷ್ಮೇಶ್ವರಕ್ಕೆ ಹೋಗಿ ಸೋದರತ್ತೆಗೆ ಖರ್ಜೂರದ ಡಬ್ಬಿ ಕೊಟ್ಟು, ಶಿರಹಟ್ಟಿ ಮೇಲೆ ಹಾಯ್ದು ಬರುವ ಬಸ್ಸಿಗೆ ಮರಳಿದ್ದ. ಟಿಕೀಟಿಗೆ ಪಾಕೀಟು ತೆಗೆದದ್ದು ನೆನಪಾಯಿತು. ಆಗಲೇ ಬಿದ್ದಿರಬೇಕು. ಹಾಗೆಂದು ನಿರ್ಧರಿಸಿದ ಮೇಲೆ ಅದು ಬೀಳುವ ಸದ್ದು ಕೂಡ ಕೇಳಿದಂತಾಯಿತು.

ಗುರುವಾರ ಬೆಳಿಗ್ಗೆ, “ಹಿಂಗ ಪ್ಯಾಟಿಗೆ ಹೋಗಿ ಬರತೀನಿ” ಎಂದು ಹೇಳಿ ಗದಗಿನ ಬಸ್ ನಿಲ್ದಾಣಕ್ಕೆ ಹೋದ. ಬಸ್ಸುಗಳೆಲ್ಲ ಮೂತಿಗೆ ಚೆಂಡು ಹೂವಿನ ಮಾಲೆ, ಬದಿಗೆ ಬಾಳೆಕಂಬ ಕಟ್ಟಿಸಿಕೊಂಡು ಬೀಗರಂತೆ ನಿಂತಿದ್ದವು. ಕಂಟ್ರೋಲರು ಚಹಾ ಕುಡಿಯುತ್ತಿದ್ದರು.

“ನಿನ್ನಿ ಮೂರರ ಲಕ್ಷ್ಮೇಶ್ವರ ಗಾಡೀರಿ? ಅದು ಈಗ ಮುಂಡರಗಿಗೆ ಹೋಗೇತಿ. ಹನ್ನೆರಡೂವರಿಗೆ ಬರತೈತಿ. ಏನ ಬಿಟ್ಟೀರಿ?”

“ಲೈಸೆನ್ಸ್‌ರಿ.”

“ಎಲ್ಲೀದು?”

“ಮಸ್ಕತ್ತಿಂದು.”

ಕಂಟ್ರೋಲರು ಕಪ್ಪು ಕೆಳಗಿಟ್ಟರು. “ಮಸ್ಕತ್ತಿನ ಲೈಸೆನ್ಸು ಮುಂಡರಗಿ ಗಾಡ್ಯಾಗ! ಇಲ್ಲಿ ಛತ್ರಿ ಸಿಕ್ಕಾವ್ರಿ, ಬುತ್ತಿ ಡಬ್ಬಿ ಸಿಕ್ಕಾವ. ಒಂದ ಸಲ ಯಾರದೋ ಕಟ್ಟಿಸಿದ ಹಲ್ಲಿನ ಸೆಟ್ಟ ಸಿಕ್ಕಿತ್ತು, ಅವರು ನಕ್ಕೋತ ಬಂದು ಒಯ್ದ್ರು. ಕುಂಡ್ರಿ, ನೋಡೂಣು.”

ಕುಳಿತ. ಗಡಿಯಾರದ ಮುಳ್ಳು ಸರಿದಂತೆಲ್ಲ ಅವನ ಕಣ್ಣ ಮುಂದೆ ರಮೀಜ ಸೀಟನ್ನು ತನ್ನ ಕಾಲಿನ ಅಳತೆಗೆ ಹಿಂದೆ ಸರಿಸಿಕೊಳ್ಳುತ್ತಿದ್ದ. ಕನ್ನಡಿ ತಿರುಗಿಸಿಕೊಳ್ಳುತ್ತಿದ್ದ. ಮೂರನೆಯ ಸೀಟಿನ ಹುಡುಗಿಗೆ ವಾಂತಿ ಬರುತ್ತದೆ, ಕಿಟಕಿ ತೆರೆದಿಡಬೇಕು. ಅದನ್ನು ರಮೀಜನಿಗೆ ಹೇಳಿದ್ದೇನೋ ಇಲ್ಲವೋ?

ಬಸ್ಸು ಒಂದಕ್ಕೆ ಬಂತು. ಮನೋಹರ ಇಳಿಯುವವರ ನಡುವೆಯೇ ನುಗ್ಗಿ, ಮೊಣಕಾಲೂರಿ, ಸೀಟುಗಳ ಕೆಳಗೆ ಕೈಯಾಡಿಸಿದ. ಶೇಂಗಾ ಸಿಪ್ಪೆ, ಬಾಡಿದ ಹೂವು, ಒಂದು ಕಾಲುಚೀಲ ಸಿಕ್ಕವು. ನಿರ್ವಾಹಕ ತನ್ನ ಚೀಲ ಕೊಡವಿ ತೋರಿಸಿದ. ಇಲ್ಲ. ಕೆಳಗಿಳಿದು ಬಾಳೆಕಂಬಕ್ಕೆ ಕೈಕೊಟ್ಟು ನಿಂತಾಗ ಫೋನು ಬಂತು. ತಂಗಿ ಕಲ್ಪನಾ, ಮನೆಯಲ್ಲೇ ಜಂಪರು ಹೊಲಿದುಕೊಡುವವಳು.

“ಅಣ್ಣಾ, ಎಲ್ಲೆದಿ? ಯವ್ವ ದೇವರಿಗೆ ಎಡಿ ಹಿಡ್ಯಾಕ ಕಾಯಾಕತ್ತಾಳ.”

ಅವನಿಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿದ.  ಆಚೆ ಕಡೆಯಿಂದ ನಗೆ ಕೇಳಿತು.

“ಅಯ್ಯ, ಅದನ್ನ ಯವ್ವ ದೇವರ ಜಗಲಿ ಮ್ಯಾಲೆ ಇಟ್ಟಾಳಲ್ಲೋ! ನಿನ್ನಿ ನೀ ಜಳಕಕ್ಕ ಹೋದಾಗ ತಗದು ಖಂಡೇ ಪೂಜಿಗೆ ಇಟ್ಟಳು. ನೀನಾ ಅದಕ್ಕ ಕೈ ಮುಗದು ಲಕ್ಷ್ಮೇಶ್ವರಕ್ಕ ಹೋದಿ!”

ಆಟೊ ಹಿಡಿದು ಮನೆ ಸೇರಿದಾಗ ಎರಡಕ್ಕೆ ಇಪ್ಪತ್ತು ನಿಮಿಷವಿತ್ತು.

ದೇವರ ಜಗಲಿಯ ಮೇಲೆ ನವರಾತ್ರಿಗೆ ಹಾಕಿದ ಘಟ್ಟದ ಮಣ್ಣಿನಲ್ಲಿ ಒಂಬತ್ತು ದಿನದ ಸಸಿ ಗೇಣುದ್ದ ಬೆಳೆದಿತ್ತು. ಪಕ್ಕಕ್ಕೆ ದೀಪ. ಅದರ ಮುಂದೆ ಖಂಡೇ ಪೂಜೆಗೆ ಕೂತ ಮನೆಯ ಆಯುಧಗಳ ಸಾಲು: ತೋಟಪ್ಪನ ಮಗ್ಗದ ಲಾಳಿ, ಈಳಿಗೆ, ಕುಡುಗೋಲು, ಕಲ್ಪನಾಳ ಕತ್ತರಿ, ಮತ್ತು ವೀಳ್ಯದೆಲೆಯ ಮೇಲೆ, ಹೂವು ಸರಿಸಿದರೆ, ಒಮಾನ್ ದೇಶದ ಲೈಸೆನ್ಸು. ಮೂರು ಬೆರಳಿನ ವಿಭೂತಿ ಅದರ ಒಂದು ತುದಿಯಿಂದ ಇನ್ನೊಂದು ತುದಿಗೆ ಹರಿದಿತ್ತು. ಕುಂಕುಮದ ಬೊಟ್ಟು ಸರಿಯಾಗಿ ಮನೋಹರನ ಮೂಗಿನ ಮೇಲೆ ಬಿದ್ದಿತ್ತು.

“ಯವ್ವಾ, ಅದು ಬೇಕು. ಈಗ.”

“ಬನ್ನಿ ಮುಡದ ಮ್ಯಾಲೆ ತಗೊಳ್ಳಿಯಂತ.”

“ಬನ್ನಿ ಎಷ್ಟೊತ್ತಿಗೆ?”

“ಹೊತ್ತು ಮುಣಗೂ ಮುಂದ. ನಿನ್ನಿ ಹುಟ್ಟಿದವರಂಗ ಕೇಳತಿ!”

ಮನೋಹರ ವಿಷಯ ಹೇಳಿದ. ಯಮನವ್ವನ ಮುಖ ಸಣ್ಣದಾಯಿತು, ಆದರೆ ಜಗಲಿಯ ಮುಂದಿನಿಂದ ಕದಲಲಿಲ್ಲ.

“ನಿಮ್ಮಪ್ಪನ ಲಾಳಿ ಇಟ್ಟೆ, ಇಕಿ ಕತ್ತರಿ ಇಟ್ಟೆ. ನಿಂದು ಏನ ಇಡ್ಲಿ? ಬಸ್ಸು ಜಗಲಿ ಮ್ಯಾಲೆ ಬರತೈತೇನು? ಒಂಬತ್ತು ವರ್ಷ ನಿನ್ನ ಕೆಲಸಕ್ಕ ಒಂದು ಹೂ ಬಿದ್ದಿಲ್ಲ ಈ ಮನ್ಯಾಗ. ಈ ಸಲ ಬಂದಾನ, ಇಡೂಣು ಅಂತ ಇಟ್ಟೆ. ತಪ್ಪಾತೇನು?”

ಕಟ್ಟೆಯ ಮೇಲಿದ್ದ ತೋಟಪ್ಪ ಒಳಗೆ ಬಂದು, ವಿಷಯ ಕೇಳಿ, ಮಗ್ಗದ ಸಪ್ಪಳಕ್ಕೆ ಒಗ್ಗಿ ಹೋದ ಎತ್ತರದ ದನಿಯಲ್ಲಿ ಹೇಳಿದ: “ಪೂಜಿಗೆ ಕುಂತದ್ದನ್ನ ಎಬ್ಬಸಬ್ಯಾಡ. ಅರವತ್ತು ವರ್ಷ ನಾ ಎಬ್ಬಸಿಲ್ಲ.”

ಕೈ ಹಿಡಿದು ತಡೆಯುವವರು ಯಾರೂ ಇರಲಿಲ್ಲ. ಮೂವತ್ತೇಳು ವರ್ಷದ ಗಂಡಸು, ಕಾರ್ಡು ಅವನದೇ. ಮನೋಹರ ಕೈ ಚಾಚಿದ. ಬೆರಳು ಹೂವಿನ ತನಕ ಹೋಯಿತು. ಆಗ ಗುಡ್ಡದ ತಿರುವು ಕಂಡಿತು, ಹಿಂದಿನ ಸೀಟುಗಳಲ್ಲಿ ನಿದ್ದೆಗಣ್ಣಿನ ನಲವತ್ತೆರಡು ತಲೆ ಕಂಡವು. ನಾಳೆ ಅಲ್ಲಿ ಒಂದು ಬ್ರೇಕು ಹಿಡಿಯದಿದ್ದರೆ, ಒಂದು ಟಯರು ಸಿಡಿದರೆ, ತನಗೆ ಮೊದಲು ನೆನಪಾಗುವುದು ಈ ಬೆರಳೇ ಎಂದು ಅವನಿಗೆ ಗೊತ್ತಾಯಿತು. ಕೈ ಹಿಂದಕ್ಕೆ ಬಂತು. ಕಂಪನಿಯ ತರಬೇತಿಯಲ್ಲಿ ಈ ವಿಷಯ ಕಲಿಸಿರಲಿಲ್ಲ.

“ಮುತ್ತವ್ವಾಯಿನ್ನ ಕೇಳೂಣು” ಎಂದಳು ಕಲ್ಪನಾ.

ಮುತ್ತವ್ವಾಯಿ ಓಣಿಗೆ ಹಿರಿಯಳು. ಮಡಿ, ಮೈಲಿಗೆ, ಸೂತಕ, ಯಾವ ದಿನ ಯಾವ ಪಲ್ಯ ಎಂಬ ವ್ಯಾಜ್ಯಗಳಲ್ಲಿ ಅವಳ ಮಾತಿನ ಮೇಲೆ ಮೇಲ್ಮನವಿ ಇಲ್ಲ. ಮನೆಯ ವಾದದಲ್ಲೇ ಎರಡೂವರೆ ದಾಟಿತ್ತು, ಅಂಥ ಮುತ್ತವ್ವಾಯಿ ಆಗ ಊಟ ಮಾಡಿ ಮಲಗಿದ್ದಳು. ಎಬ್ಬಿಸಿ, ಕೋಲು ಕೊಟ್ಟು, ಕರೆತರುವಷ್ಟರಲ್ಲಿ ಮೂರು ಗಂಟೆ ಹೊಡೆಯಿತು. ಆಕೆ ಜಗಲಿಯ ಮುಂದೆ ಮಣೆಯ ಮೇಲೆ ಕುಳಿತು ಮೊಕದ್ದಮೆ ಆಲಿಸಿದಳು.

“ಆ ಹುಡುಗಿ ಏನ ಬೇಡತಾಳ?”

“ಈ ಮಗ್ಗಲಾ ಒಂದು ಫೋಟೊ, ಆ ಮಗ್ಗಲಾ ಒಂದು. ಆಮ್ಯಾಲೆ ಕಾರ್ಡು ಮಾರಿ ಬಾಜೂಕ ಇಟ್ಟು ಒಂದು, ಆಯಿ.”

“ಎತ್ತಾಕ ಬರಂಗಿಲ್ಲ” ಎಂದಳು ಮುತ್ತವ್ವಾಯಿ.

ಮನೋಹರ ಫೋನಿನಲ್ಲಿ ಹೊತ್ತು ನೋಡಿದ. ಮೂರು ಗಂಟೆ ಆರು ನಿಮಿಷ.

“ಎತ್ತಾಕ ಬರಂಗಿಲ್ಲ ಅಂದೆ. ಹೊಳ್ಳಸಾಕ ಬರಂಗಿಲ್ಲ ಅಂದ್ನೇನು? ಹಂಚಿನ ಮ್ಯಾಲೆ ರೊಟ್ಟಿ ಹೊಳ್ಳಸ್ತೀವಿ. ಅದು ಹಂಚ ಬಿಟ್ಟು ಹೋಗತೈತೇನು?”

ತೋಟಪ್ಪ ಯೋಚಿಸಿದ. “ಅದು ಖರೆ” ಎಂದ.

“ವಿಭೂತಿ ಬಳದೀವಲ್ಲ ಆಯಿ,” ಯಮನವ್ವ ಕೇಳಿದಳು, “ಅದನ್ನ ಒರಸಿದ್ರ ಪೂಜಿ ಮುರದಂಗ ಅಲ್ಲೇನು?”

“ಒರಸಂತ ಯಾರ ಹೇಳಿದ್ರು? ಒಂದು ವಾಟಗ ನೀರು ತಗೊಂಡು ಅಭಿಷೇಕ ಮಾಡು. ಅಭಿಷೇಕ ಮಾಡಿದ ದೇವರನ್ನ ಹಸೀದು ಬಿಡತಾರೇನು? ಮಡೀ ಬಟ್ಟೀಲೆ ಒರಸತಾರ. ಫೋಟೊ ತಗೀರಿ. ಮತ್ತ ಬಳೀರಿ.”

“ಮಾರಿ ಬಾಜೂಕ ಇಡೂದು, ಆಯಿ?” ಮನೋಹರ ಗಡಿಯಾರ ನೋಡುತ್ತ ಕೇಳಿದ. ಮೂರು ಗಂಟೆ ಹದಿಮೂರು ನಿಮಿಷ.

ಮುತ್ತವ್ವಾಯಿ ಅವನನ್ನು ದಡ್ಡನನ್ನು ನೋಡುವಂತೆ ನೋಡಿದಳು. “ಕಾರ್ಡು ಮಾರಿ ಹಂತೇಕ ಬರಾಕ ಬರಂಗಿಲ್ಲೋ ಹುಚ್ಚಪ್ಪಾ. ಮಾರಿ ಕಾರ್ಡಿನ ಹಂತೇಕ ಹೋಗಾಕ ಯಾವ ಶಾಸ್ತ್ರ ಅಡ್ಡ ಐತಿ? ದೇವರ ಮುಂದ ತಲಿ ಇಡಾಕ ನಿನಗ ಪರವಾನಗಿ ಬೇಕೇನು?”

ತೀರ್ಪು ಜಾರಿಯಾಯಿತು. ಯಮನವ್ವ ನೀರು ಬಿಟ್ಟಳು. ವಿಭೂತಿ ಕರಗಿತು, ಕುಂಕುಮ ಮೂಗಿನಿಂದ ಮೀಸೆಗೆ ಇಳಿದು, ಅಲ್ಲಿಂದ ಗದ್ದಕ್ಕೆ ಹರಿಯಿತು. ಮಡಿ ಬಟ್ಟೆಯಿಂದ ಒರೆಸಿದರೂ ಅಕ್ಷರಗಳ ಸಂದಿನಲ್ಲಿ ಕುಂಕುಮದ ಗೆರೆ ಉಳಿಯಿತು. “ತಾರೀಖ ಕಾಣತೈತೇನು ನೋಡ, ತಾರೀಖ!” ಎಂದು ಮನೋಹರ ಕೂಗಿದ. ಕಾಣುತ್ತಿತ್ತು. ಕಲ್ಪನಾ ಒಂದು ಫೋಟೊ ತೆಗೆದಳು. ಯಮನವ್ವ ಉಸಿರು ಬಿಗಿಹಿಡಿದು ಕಾರ್ಡಿನ ಅಂಚಿಗೆ ಉಗುರು ಕೊಟ್ಟು, ಎಲೆ ಬಿಡದಂತೆ ಹೊರಳಿಸಿದಳು. ಇನ್ನೊಂದು ಫೋಟೊ. ಮತ್ತೆ ಹೊರಳಿಸಿದಳು. ಮೂರು ಗಂಟೆ ಇಪ್ಪತ್ತು.

ಮನೋಹರ ಜಗಲಿಯ ಮುಂದೆ ಬೋರಲು ಮಲಗಿದ. ಜಗಲಿ ಗೇಣೆತ್ತರದ್ದು. ಗದ್ದವನ್ನು ಅದರ ಅಂಚಿಗೆ ಊರಿ, ತಲೆ ಓರೆ ಮಾಡಿ, ಕೆನ್ನೆಯನ್ನು ಕಾರ್ಡಿನ ಪಕ್ಕಕ್ಕೆ ತಂದ. ಸಸಿಯ ತುದಿ ಕಿವಿಯೊಳಗೆ ಹೋಯಿತು. ದೀಪದ ಕಾವು ಹಣೆಗೆ ಬಡಿಯಿತು.

“ಕಣ್ಣ ತಗೀ ಅಣ್ಣಾ. ಸತ್ತವರಂಗ ಕಾಣತಿ.”

“ಬಿಡತು ಅನ್ನು!” ಎಂದಳು ಯಮನವ್ವ.

“ಜಲ್ದಿ ತಗೀವಾ, ಕೂದಲ ಸುಡಾಕತ್ತೈತಿ.”

ಮೂರು ಇಪ್ಪತ್ಮೂರಕ್ಕೆ ಮೂರೂ ಫೋಟೊ ಹೋದವು. ಎಂದರೆ ಫೋನಿನ ಪರದೆಯ ಮೇಲೆ ಒಂದು ಚಕ್ರ ತಿರುಗತೊಡಗಿತು. ಹಬ್ಬದ ದಿನ ಓಣಿಯ ಪ್ರತಿಯೊಬ್ಬರೂ ಪ್ರತಿಯೊಬ್ಬರಿಗೂ ಬನ್ನಿಯ ಚಿತ್ರ ಕಳಿಸುತ್ತಿದ್ದರು. ಮನೋಹರ ಫೋನು ಎತ್ತಿಹಿಡಿದುಕೊಂಡು ಅಂಗಳಕ್ಕೆ, ಅಲ್ಲಿಂದ ಏಣಿ ಹತ್ತಿ ಮಾಳಿಗೆಗೆ ಹೋದ. ಮೂರು ಇಪ್ಪತ್ತಾರಕ್ಕೆ ಚಕ್ರ ನಿಂತಿತು. ಒಡನೆಯೇ ಅಮೀರಾಳ ಉತ್ತರ ಬಂತು.

ಯಾಕೆ ಮಲಗಿದ್ದೀಯ? ಆಸ್ಪತ್ರೆಯಲ್ಲಿದ್ದೀಯಾ? ಕಾಯಿಲೆಯಿದ್ದರೆ ವೈದ್ಯರ ಪ್ರಮಾಣಪತ್ರ ಬೇಕಾಗುತ್ತದೆ.

 ಕಾಯಿಲೆಯಲ್ಲ, ಪ್ರಾರ್ಥನೆ, ಎಂದು ಮನೋಹರ ತನಗೆ ಬರುವ ಹಿಂದಿಯಲ್ಲಿ ಬರೆದು ಕಳಿಸಿದ.

ಕೆಳಗಿನಿಂದ ಮೂವರೂ ಮೇಲೆ ನೋಡುತ್ತಿದ್ದರು. ಮುತ್ತವ್ವಾಯಿ ಮಾತ್ರ ಮಣೆಯ ಮೇಲೆಯೇ ತೂಕಡಿಸುತ್ತಿದ್ದಳು. ಮೂರು ಇಪ್ಪತ್ತೆಂಟು. ಮೂರು ಇಪ್ಪತ್ತೊಂಬತ್ತು. ಮೂರೂವರೆಯಾಯಿತು. ಮೂರು ಮೂವತ್ತೊಂದು ಕೂಡ ಆಯಿತು. ಮನೋಹರ ಮಾಳಿಗೆಯ ಮೇಲೆ ಕುಕ್ಕರಿಸಿದ. ಬಸ್ಸು ತೊಳೆಯುವ ಪೈಪಿನ ನೀರು ಬೇಸಿಗೆಯಲ್ಲಿ ಎಷ್ಟು ಬಿಸಿಯಿರುತ್ತದೆ ಎಂದು ಅವನಿಗೆ ನೆನಪಾಯಿತು.

ಮೂರು ಮೂವತ್ನಾಲ್ಕಕ್ಕೆ ಮತ್ತೊಂದು ಮೆಸೇಜು ಬಂತು. ಅರ್ಜಿ ಒಂದು ಗಂಟೆ ಐವತ್ತೆಂಟು ನಿಮಿಷಕ್ಕೆ ಸಲ್ಲಿಕೆಯಾಗಿದೆ ಎಂದು ಆಕೆ ಬರೆದಿದ್ದಳು. ಎಂದರೆ ಬೆಟಗೇರಿಯ ಮೂರು ಇಪ್ಪತ್ತೆಂಟಕ್ಕೆ, ಗಡುವಿಗೆ ಎರಡು ನಿಮಿಷ ಇರುವಾಗ. ಕೆಳಗೆ ರಸೀತಿಯ ನಂಬರಿತ್ತು.

ಲೈಸೆನ್ಸು ಎರಡು ವರ್ಷಕ್ಕೆ ನವೀಕರಣವಾಯಿತು.