ಹಿಂದುಮುಂದಾದ ಗುಳಿಗೆ ಶೀಟು

ರಬ್ಬರ್ ಸ್ಟಾಂಪ್ ಕೆತ್ತುವವರ ಕಣ್ಣೇ ಬೇರೆ. ಒತ್ತಿದಾಗ ನೇರ ಮೂಡಲೆಂದು ಹನ್ನೆರಡು ವರ್ಷ ಅಕ್ಷರಗಳನ್ನು ಬಲದಿಂದ ಎಡಕ್ಕೆ ಕೆತ್ತಿ ಕೆತ್ತಿ, ಈ ಅಂಗಡಿಯಾಕೆಗೆ ಯಾವುದಕ್ಕೂ ಬಲದ ತುದಿಯೇ ಶುರು ಎನ್ನುವ ಅಭ್ಯಾಸ ಅಂಟಿಕೊಂಡಿತ್ತು. ಗಂಡನೂ ಅದೇ ಕಸುಬಿನವನು. ಇಬ್ಬರೂ ಪೇಪರನ್ನು ಕೊನೆಯ ಪುಟದಿಂದ ಓದುವ ಜನ, ಇನ್ನು ಕೇಳಬೇಕೆ!

ಆ ಬೆಳಿಗ್ಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಆಕೆ ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದರಲ್ಲಿ ಬಿಳಿ ಗುಳಿಗೆ ಹಿಡಿದು ಕಂಬದ ಹಾಗೆ ನಿಂತಿದ್ದಳು. ಗರ್ಭ ನಿಲ್ಲದಿರಲೆಂದು ತರಿಸಿದ ಗುಳಿಗೆಗಳ ಎರಡನೇ ಶೀಟಿನದು ಅದು. ಮುಟ್ಟಿನ ದಿನ ದಾಟಿ ವಾರವಾಗಿತ್ತು. ನುಂಗಿದರೆ, ಒಳಗೆ ಯಾರಾದರೂ ಇದ್ದುಬಿಟ್ಟರೆ? ನುಂಗದೆ ಬಿಟ್ಟರೆ, ಯಾರೂ ಇಲ್ಲದಿದ್ದರೆ? ಅತ್ತ ದರಿ, ಇತ್ತ ಪುಲಿ. ಎರಡನೇ ಮಗು ಸದ್ಯಕ್ಕೆ ಬೇಡ ಎಂದು ಹಟ ಹಿಡಿದಿದ್ದವಳೂ ಆಕೆಯೇ. ಈಗ ಇದ್ದರೂ ಇರಬಹುದು ಅನ್ನಿಸಿದ್ದೇ ತಡ, ಬೇಕೇ ಬೇಕು ಎಂದು ಮನಸ್ಸು ಕುಣಿಯತೊಡಗಿತ್ತು. ಅದರ ಬೆನ್ನಿಗೇ ಹೆದರಿಕೆ: ಇಷ್ಟು ದಿನ ನುಂಗಿದ್ದು ಕೂಸಿಗೆ ಏನು ಮಾಡಿತೋ?

ಲೋಟ, ಗುಳಿಗೆ ಎರಡನ್ನೂ ಕೆತ್ತನೆಯ ಮೇಜಿನ ಮೇಲಿಟ್ಟು, ನರ್ಸ್ ಆಗಿರುವ ಅಕ್ಕನಿಗೆ ಫೋನ್ ಮಾಡಿದಳು. ಅಕ್ಕ ಸಮಾಧಾನವಾಗಿ, ಶೀಟನ್ನು ಯಾವ ಕಡೆಯಿಂದ ಶುರುಮಾಡಿದೆ ಎಂದು ಕೇಳಿದಳು. ಮೊದಲು ಏಳು ಕಂದು, ಆಮೇಲೆ ಬಿಳಿ, ಎಂದಳು ತಂಗಿ ಠೀವಿಯಿಂದ. ಆ ಕಡೆಯಿಂದ ಹೊಟ್ಟೆ ಹುಣ್ಣಾಗುವಷ್ಟು ನಗು. ಗರ್ಭ ತಡೆಯುವುದು ಬಿಳಿ ಗುಳಿಗೆ; ಕಂದು ಗುಳಿಗೆ ಬರೀ ಕಬ್ಬಿಣಾಂಶದ್ದು, ಅದು ಬರುವುದು ಕೊನೆಗೆ. ಶೀಟಿನ ಮೇಲೆ ಬಾಣದ ಗುರುತೇ ಇದೆ. ಈ ಪುಣ್ಯಾತ್ಗಿತ್ತಿ ಬಾಣವನ್ನೂ ಉಲ್ಟಾ ಓದಿ, ಎರಡು ಶೀಟಿನಲ್ಲೂ ಮೊದಲ ವಾರವೆಲ್ಲ ಕಬ್ಬಿಣ ನುಂಗಿಕೊಂಡು ನಿಶ್ಚಿಂತೆಯಾಗಿ ಮಲಗಿದ್ದಳು.

"ನಗ್ಬೇಡ ಅಕ್ಕ, ನಂಗೆ ಜೀವ ಹೋಗ್ತಿದೆ. ಮಗೂಗೆ ಏನಾದ್ರೂ ಆಗಿದ್ರೆ?"

ನಗು ನಿಂತಿತು. "ಗೊತ್ತಿಲ್ದೆ ತಗೊಂಡ ಈ ಗುಳಿಗೆಯಿಂದ ಮಗೂಗೆ ತೊಂದ್ರೆ ಆಗುತ್ತೆ ಅಂತ ಕಂಡುಬಂದಿಲ್ಲ ಕಣೇ. ಮೊದ್ಲು ಪರೀಕ್ಷೆ ಮಾಡ್ಕೋ. ಇದೆ ಅಂತಾದ್ರೆ ಗುಳಿಗೆ ನಿಲ್ಸಿ ಡಾಕ್ಟರ ಹತ್ರ ಹೋಗು."

ಆಕೆಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಗಂಡನನ್ನು ಕೂಗಿ ವಿಷಯ ಹೇಳಿದಳು. ಅವನು ಎಡಗಾಲಿನ ಚಪ್ಪಲಿ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿಕೊಂಡು ಮೆಡಿಕಲ್ ಶಾಪಿಗೆ ಓಡಿದ. ಕಿಟ್ ಬಂತು. ಪರೀಕ್ಷೆ ಮಾಡಿಕೊಂಡು ಬಂದ ಆಕೆ ಅದನ್ನು ಕೆತ್ತನೆಯ ಮೇಜಿನ ಮೇಲಿಟ್ಟಳು. ಫಲಿತಾಂಶಕ್ಕೆ ಕಾಯಬೇಕಾದ ಐದು ನಿಮಿಷ ಇಬ್ಬರೂ ಅದರ ಮೇಲೇ ಕಣ್ಣಿಟ್ಟು ಕೂತರು. ಹೊರಗೆ ಗಿರಾಕಿಯೊಬ್ಬರು ಸ್ಟಾಂಪ್ ಆಯಿತೇ ಎಂದು ಎರಡು ಸಲ ಕೂಗಿದರು, ಕೇಳುವವರೇ ಇಲ್ಲ.

ಗೆರೆ ಮೂಡಿತು. ಇನ್ನೊಂದೂ ಮೂಡಿತು; ಎರಡು ಗೆರೆ ಎಂದರೆ ಬಸಿರು. ಆಕೆಗೆ ತನ್ನ ಕಣ್ಣಿನ ಮೇಲೆ ನಂಬಿಕೆಯೇ ಇರಲಿಲ್ಲ. ಸರಿಯಾಗಿ ನೋಡಿ ಎಂದು ಕಿಟ್ಟನ್ನು ಗಂಡನ ಮುಂದೆ ತಳ್ಳಿದಳು. ಅವನು ಅದನ್ನು ನೇರ ಹಿಡಿದ, ತಿರುಗಿಸಿ ಹಿಡಿದ, ಮತ್ತೆ ನೇರ ಹಿಡಿದ. ಅವನ ಕಣ್ಣು ತುಂಬಿ ಬಂದಿತ್ತು.

"ಆ ಕಡೆಯಿಂದ ಓದಿದ್ರೂ ಎರಡೇ, ಈ ಕಡೆಯಿಂದ ಓದಿದ್ರೂ ಎರಡೇ ಕಣೇ. ಇದನ್ನ ನಾವೂ ತಪ್ಪಾಗಿ ಓದೋಕಾಗಲ್ಲ."

ಆಕೆ ಮೇಜಿನ ಮೇಲಿದ್ದ ಬಿಳಿ ಗುಳಿಗೆಯನ್ನು ಕಸದ ಬುಟ್ಟಿಗೆ ಹಾಕಿದಳು. ಲೋಟದ ನೀರನ್ನು ಇಬ್ಬರೂ ಅರ್ಧರ್ಧ ಕುಡಿದರು.