ನೂಲಿನ ಕಾಟಾದ ಮೇಲೆ ಶೇವಂತಿ

ಹೇಗೆ ಶುರು ಮಾಡಲಿ? ಬನಹಟ್ಟಿಯ ಓಣಿಯಲ್ಲಿ ನೂಲಿಗೆ ಹಚ್ಚುತ್ತಿದ್ದ ಗಂಜಿಯ ಹುಳಿವಾಸನೆಯಿಂದಲೇ? ಗಂಗಾಂಬಿಕಾ ಆ ವಾಸನೆಯಲ್ಲೇ ಬೆಳೆದವರು. ಆದರೆ ಅಲ್ಲಿಂದ ಹೊರಟರೆ ಓದುವ ನಿಮಗೆ ಅವರ ಮೇಲೆ ಮೊದಲೇ ಪ್ರೀತಿ ಹುಟ್ಟಿಬಿಡುತ್ತದೆ. ಅದು ಮೋಸ.

೧. ಗಂಗಾಂಬಿಕಾ ಮೇಡಂ ಮೃದು ಸ್ವಭಾವದವರು... (ಹೊಡೆದು ಹಾಕಿದೆ.)

೨. ಇಪ್ಪತ್ತು ವರ್ಷದ ಹಿಂದೆ ಅವರು ಕಾಲೇಜಿನಲ್ಲಿ ಹೋಮ್ ಸೈನ್ಸ್ ಕಲಿಸುತ್ತಿದ್ದರು. ವರ್ಷಕ್ಕೊಮ್ಮೆ ಹುಡುಗಿಯರ ತೂಕ ಬರೆಯುವುದೂ ಅವರದೇ ಕೆಲಸ. ಶೇವಂತಿಯ ಸರದಿಗೆ ಯಂತ್ರದ ಮುಳ್ಳು ಕೊನೆಯಂಕಿಯಲ್ಲಿ ಸಿಕ್ಕಿಕೊಂಡಿತು. ರಜಿಸ್ಟರಿನಲ್ಲಿ ಒಂದು ಸಾಲು ಖಾಲಿ ಬಿಡಲಾರದ ಮೇಡಂ, ಹುಡುಗಿಯನ್ನು ಹೊಳಬಸಪ್ಪನ ನೂಲಿನ ಅಂಗಡಿಗೆ ಕರೆದೊಯ್ದು, ನೂಲಿನ ಗಂಟುಗಳನ್ನು ತೂಗುವ ಕಾಟಾದ ಮೇಲೆ ನಿಲ್ಲಿಸಿದರು. ಶೇವಂತಿಯ ಅಪ್ಪ ಮಗ್ಗಕ್ಕೆ ನೂಲು ಒಯ್ಯುತ್ತಿದ್ದುದೂ ಅಲ್ಲಿಂದಲೇ.

"ಎರಡ ಗಂಟ ಆತ ನೋಡ್ರಿ ಮೇಡಂ," ಎಂದ ಹೊಳಬಸಪ್ಪ. ಅಂಗಡಿಯೆಲ್ಲ ನಕ್ಕಿತು. ಶೇವಂತಿ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು.

(ಇಲ್ಲಿ ಗಂಗಾಂಬಿಕಾ ನನ್ನ ಪೆನ್ನು ಹಿಡಿದು ತಡೆದರು. ಅಂಗಡಿಯಿಂದ ಬರುವಾಗ ಶೇವಂತಿಗೆ ಸೋಡಾ ಕೊಡಿಸಿದ್ದನ್ನು ಬರೆಯಲಿಲ್ಲವಲ್ಲ ಎಂದು ತಕರಾರು. ಸರಿ, ಬರೆದೆ. ಕೊಡಿಸಿದ್ದು ಖರೆ.)

೪. (ಮೂರು ಎಲ್ಲಿ? ಅದರಲ್ಲಿ 'ಆ ಕಾಲವೇ ಹಾಗಿತ್ತು' ಎಂದು ಬರೆದಿದ್ದೆ. ಹರಿದೆ.) ಈಗ ಶೇವಂತಿ ಸಂಶೋಧಕಿ. ತೂಕ ಇಳಿಸಿಕೊಂಡಿಲ್ಲ, ಇಳಿಸಬೇಕೆಂದೂ ಇಲ್ಲ. ರಬಕವಿಯಲ್ಲಿ ಮೇಡಂ ಮನೆ ಹುಡುಕಿಕೊಂಡು ಬಂದು, ಅವರೆದುರು ರೆಕಾರ್ಡರ್ ಇಟ್ಟಳು.

"ದಪ್ಪ ಇದ್ದೋರ್ನ ಎಲ್ಲಾರೂ ಅಭ್ಯಾಸ ಮಾಡ್ಯಾರ್ರಿ. ನಾ ತೂಕ ಮಾಡಿದೋರ್ನ ಮಾಡಾಕತ್ತೇನಿ."

ಮೇಡಂ ಸೆರಗಿನ ಅಂಚು ತಿರುವುತ್ತ ಕುಳಿತರು.

"ಆ ದಿನ ನೀವೊಬ್ರ ನಗಲಿಲ್ಲ ಅಂತ ನಾ ಬರದೇನ್ರಿ. ಖರೆ ಹೌದಲ್ರಿ?"

ಮುಕ್ತಾಯ ಒಂದು. ಹೌದು ಎನ್ನುತ್ತಾರೆ. ಶೇವಂತಿಯ ಪ್ರಬಂಧದಲ್ಲಿ ಒಬ್ಬ ಒಳ್ಳೆಯ ಮೇಡಂ ಉಳಿಯುತ್ತಾರೆ. ಗಂಗಾಂಬಿಕಾ ಇದಕ್ಕಾಗಿ ನನಗೆ ಕೈಮುಗಿದರು: "ವಯಸ್ಸಾಗೇತ್ರಿ ನನಗ. ಇಷ್ಟ ಬರದ ಬಿಡ್ರಿ." ಮನಸ್ಸು ಕರಗಿ ಬರೆದೂಬಿಟ್ಟೆ. ಅವರೇ ಓದಿದರು. ಅವರೇ ಹೊಡೆದು ಹಾಕಿದರು.

ಮುಕ್ತಾಯ ಎರಡು.

"ಮೊದಲ ನಕ್ಕಾಕಿ ನಾನವ್ವಾ, ಶೇವಂತಿ."

ಶೇವಂತಿ ರೆಕಾರ್ಡರ್ ನಿಲ್ಲಿಸಿದಳು. ಕ್ಷಮಿಸಿದಳೇ, ಆಮೇಲೆ ಪ್ರಬಂಧದಲ್ಲಿ ಏನು ಬರೆದಳು? ನನಗೆ ಹೇಳಲಿಲ್ಲ, ಹೇಳಿದ್ದರೂ ನಾನು ನಿಮಗೆ ಹೇಳುತ್ತಿರಲಿಲ್ಲ. ಕಂಡದ್ದು ಇಷ್ಟೇ. ಊಟದ ಹೊತ್ತು ಮೀರಿತ್ತು. ಶೇವಂತಿ ಚೀಲದಿಂದ ತನ್ನ ಬುತ್ತಿ ತೆಗೆದು, ರೊಟ್ಟಿಯ ಮೇಲೆ ಬದನೆಕಾಯಿ ಪಲ್ಯ ಹಾಕಿ, ಮೇಡಂ ಕೈಗೆ ಕೊಟ್ಟಳು.